ಶಾಯಿಯ ಕಪ್ಪು, ಸಾಗವಾನಿಯ ಕಪ್ಪು

ನಮ್ಮ ಸೊಲ್ಲಾಪುರದ ಫರ್ನಿಚರ್ ಅಂಗಡಿಗಳಲ್ಲಿ ಈಗ ‘ಆಂಟಿಕ್ ಫಿನಿಶ್’ ಎಂಬ ಮಾತು ಕೇಳಿಬರುತ್ತದೆ. ಮೊನ್ನೆ ಮಾಡಿದ ಟೇಬಲ್ಲು ಮುತ್ತಜ್ಜನ ಕಾಲದ್ದರಂತೆ ಕಾಣಬೇಕು. ಬಣ್ಣ ಕಪ್ಪಗಿರಬೇಕು, ಅಂಚು ಸವೆದಿರಬೇಕು, ಅಲ್ಲಲ್ಲಿ ಪೆಟ್ಟು ಬಿದ್ದ ಗುರುತು, ಹುಳು ಕೊರೆದ ತೂತು ಇದ್ದರೆ ಇನ್ನಷ್ಟು ಬೆಲೆ. ನಲವತ್ತು ವರ್ಷದ ಹಿಂದೆ ಇದೇ ಊರಿನ ಜನ ಅಜ್ಜನ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಸನ್‌ಮೈಕಾ ಅಂಟಿಸಿದ ಕಪಾಟು ಮನೆಗೆ ತಂದರು. ಅವರ ಮೊಮ್ಮಕ್ಕಳು ಈಗ ಹೊಸದನ್ನು ಹಳೆಯದು ಮಾಡಿಸಲು ದುಡ್ಡು ಕೊಡುತ್ತಿದ್ದಾರೆ. ನಗಬೇಡಿ, ಮರವನ್ನು ಕಪ್ಪು ಮಾಡುವ ವಿದ್ಯೆ ಇವತ್ತಿನದಲ್ಲ. ಅದಕ್ಕೆ ಶತಮಾನಗಳ ಇತಿಹಾಸವಿದೆ. ಆ ಇತಿಹಾಸದ ಒಂದು ತುದಿ ನಾನು ಬಲ್ಲ ಜಾಗದಲ್ಲಿದೆ, ಅಂದರೆ ಲೆಜ್ಜರಿನ ಪುಟದಲ್ಲಿ.

ನಾನು ಮ್ಯಾಟ್ರಿಕ್‌ವರೆಗೆ ಓದಿದವನು, ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೆಜ್ಜರು ಬರೆಯಲು ನಮಗೆ ಬ್ಲೂ-ಬ್ಲ್ಯಾಕ್ ಶಾಯಿ ಇರುತ್ತಿತ್ತು. ಬರೆಯುವಾಗ ಅಕ್ಷರ ನೀಲಿ, ಕೆಲವು ದಿನ ಕಳೆದ ಮೇಲೆ ಕಪ್ಪು. ಹಿರಿಯ ಅಕೌಂಟೆಂಟರೊಬ್ಬರು ಪುಟ ತಿರುವಿ, ಬಣ್ಣ ನೋಡಿಯೇ ‘ಈ ಎಂಟ್ರಿ ನಿನ್ನೆಯದು, ಇದು ಹೋದ ತಿಂಗಳದ್ದು’ ಎನ್ನುತ್ತಿದ್ದರು. ಹಿಂದಿನ ತಾರೀಖು ಹಾಕಿ ಇಂದು ಬರೆದ ಸಾಲು ಆ ಶಾಯಿಯಲ್ಲಿ ಕೂಡಲೇ ಸಿಕ್ಕಿಬೀಳುತ್ತಿತ್ತು. ಅದರ ಗುಟ್ಟು ಇಷ್ಟೆ. ಆ ಶಾಯಿಯಲ್ಲಿ ಕಬ್ಬಿಣದ ಉಪ್ಪೂ, ಒಗರಾದ ಟ್ಯಾನಿನ್ ಎಂಬ ಪದಾರ್ಥವೂ ಕೂಡಿರುತ್ತವೆ. ಬರೆದಾಗ ಕಣ್ಣಿಗೆ ಕಾಣಲೆಂದು ಸ್ವಲ್ಪ ನೀಲಿ ಬಣ್ಣ ಸೇರಿಸಿರುತ್ತಾರೆ. ಗಾಳಿ ತಾಗಿದಂತೆ ಕಬ್ಬಿಣವೂ ಒಗರೂ ಕೂಡಿ ಕಾಗದದ ಎಳೆಯೊಳಗೇ ಕಪ್ಪಾಗುತ್ತವೆ. ನಮ್ಮ ಹಿರಿಯರು ಇದನ್ನೇ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಮರಾಠಿಯಲ್ಲಿ ಅಳಲೆಗೆ ಹಿರಡಾ, ಅನ್ನಭೇದಿಗೆ ಹಿರಾಕಸ. ಎರಡೂ ಈಗಲೂ ಗಂಧಿಗೆ ಅಂಗಡಿಯಲ್ಲಿ ಸಿಗುತ್ತವೆ.

ಇನ್ನೊಂದು ಶಾಯಿಯೂ ಇತ್ತು. ದೀಪದ ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಅರೆದು ಮಾಡಿದ್ದು. ಅದು ಮೊದಲ ದಿನವೇ ಕಪ್ಪು, ನೂರು ವರ್ಷದ ಮೇಲೂ ಅಷ್ಟೇ ಕಪ್ಪು. ಆದರೆ ಅದು ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಳಿಯುವುದಿಲ್ಲ. ನೀರು ಬಿದ್ದರೆ ತೊಳೆದುಹೋದೀತು. ಕಬ್ಬಿಣದ ಶಾಯಿ ಒಳಗೆ ಇಳಿಯುತ್ತದೆ, ಹೆಚ್ಚಾದರೆ ಕಾಗದವನ್ನೇ ತಿಂದುಹಾಕುತ್ತದೆ. ಈ ಎರಡು ಕಪ್ಪುಗಳನ್ನು ನೆನಪಿಟ್ಟುಕೊಳ್ಳಿ. ಮರದ ವಿಷಯದಲ್ಲೂ ಇವೇ ಎರಡು ಬರುತ್ತವೆ.

ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಪ್ಪಾಗುವುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು, ತಲೆಗೆ ಹಚ್ಚಲು ಹಾಗೆಯೇ ಮಾಡುತ್ತಾರೆ. ಜಾಲಿ ಕಟ್ಟಿಗೆಯ ಬಂಡಿಯಲ್ಲಿ ಕಬ್ಬಿಣದ ಕೀಲು ಕೂತ ಜಾಗದ ಸುತ್ತ ನೀಲಿಗಪ್ಪು ಕಲೆ ಹಬ್ಬಿರುವುದನ್ನು ರೈತರು ನೋಡಿದ್ದಾರೆ. ಮಳೆನೀರು ಕಬ್ಬಿಣವನ್ನು ಕರಗಿಸಿ ಕಟ್ಟಿಗೆಯ ಒಗರಿಗೆ ಮುಟ್ಟಿಸಿದ ಗುರುತು ಅದು. ಬಟ್ಟೆಗೆ ಕಪ್ಪು ಕೊಡುವ ಬಣ್ಣಗಾರರ ಹಾದಿಯೂ ಬೇರೆಯಲ್ಲ. ಆಂಧ್ರದ ಕಲಂಕಾರಿಯವರು ಮೊದಲು ಬಟ್ಟೆಯನ್ನು ಅಳಲೆಯಲ್ಲಿ ನೆನೆಸುತ್ತಾರೆ. ಆಮೇಲೆ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿ ಬರಿಸಿ, ಆ ನೀರಿನಿಂದ ಕಪ್ಪು ಗೆರೆ ಬರೆಯುತ್ತಾರೆ. ಕೋಲು ಮುಟ್ಟಿದಾಗ ಗೆರೆ ಮಸುಕು, ನೋಡನೋಡುತ್ತ ಕಪ್ಪು. ಸೊಲ್ಲಾಪುರದಂಥ ನೇಕಾರರ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಶಾಯಿ, ಬಟ್ಟೆ, ಕಟ್ಟಿಗೆ ಮೂರಕ್ಕೂ ಕಷಾಯ ಒಂದೇ.

ಆದರೆ ನಮ್ಮ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಯಾರೂ ಕಷಾಯ ಬಳಿದು ಕಪ್ಪು ಮಾಡಲಿಲ್ಲ. ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಹಳೆಯ ಮನೆಯೆಂದರೆ ದಪ್ಪ ಕಲ್ಲು-ಮಣ್ಣಿನ ಗೋಡೆ, ಒಳಗೆ ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಕಡಿಮೆ. ಒಲೆಯ ಹೊಗೆ ಬೆಳಕಿಂಡಿಯಿಂದ ಹೋಗುವ ಮೊದಲು ಜಂತಿಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಬಾಗಿಲ ಪಕ್ಕದಲ್ಲೇ ದನ ಕಟ್ಟುವ ಜಾಗ. ಗಂಜಲದಿಂದ ಏಳುವ ಘಾಟು ಕಟ್ಟಿಗೆಯ ಒಗರಿಗೆ ತಾಗಿದರೂ ಬಣ್ಣ ಗಾಢವಾಗುತ್ತದೆ. ಇದನ್ನು ನಾನು ಕಲ್ಪಿಸಿ ಹೇಳುತ್ತಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೇರಿಕದ ಗುಸ್ತಾವ್ ಸ್ಟಿಕ್ಲಿ ಎಂಬ ಪೀಠೋಪಕರಣ ತಯಾರಕರು ಓಕ್ ಮರದ ಸಾಮಾನನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಅಮೋನಿಯಾ ಘಾಟು ಕೊಟ್ಟೇ ಕಂದುಗಪ್ಪು ಮಾಡಿ ಹೆಸರು ಗಳಿಸಿದರು. ಗಂಜಲದ ಘಾಟೂ ಅದೇ ಅಮೋನಿಯಾ.

ಇದರ ಮೇಲೆ ಎಣ್ಣೆ. ನಮ್ಮದು ಕುಸುಬಿಯ ನಾಡು. ಕುಸುಬಿ ಎಣ್ಣೆ ಗಾಳಿಗೆ ಅಂಟಂಟಾಗಿ ನಿಧಾನಕ್ಕೆ ಗಟ್ಟಿಯಾಗುವ ಜಾತಿಯದು. ಅದನ್ನು ಚೆನ್ನಾಗಿ ಕಾಯಿಸಿ ಕರಿಕು ಮಾಡಿ ಹಿಂದೆ ಬಾವಿಯ ಮೋಟಿನ ತೊಗಲಿಗೆ ಬಳಿಯುತ್ತಿದ್ದರು, ನೀರು ತೊಗಲನ್ನು ಕೆಡಿಸದಿರಲೆಂದು. ಅಗಸೆ ಎಣ್ಣೆ ಅದಕ್ಕಿಂತ ಬೇಗ ಒಣಗಿ ಗಟ್ಟಿಯಾಗುತ್ತದೆ. ಹಬ್ಬಕ್ಕೊಮ್ಮೆ ಹೊಸ್ತಿಲಿಗೆ, ಬಾಗಿಲಿಗೆ, ತೂಗುಮಂಚಕ್ಕೆ ಎಣ್ಣೆ ಕೈ ಆಡಿಸುತ್ತಿದ್ದರು. ಎಣ್ಣೆ ಹೊಗೆಯನ್ನು ಹಿಡಿಯಿತು, ಹೊಗೆ ಧೂಳನ್ನು ಹಿಡಿಯಿತು, ಕೈಗಳು ಅದನ್ನು ಉಜ್ಜಿ ಉಜ್ಜಿ ಮೆರಗು ತಂದವು. ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿ. ಮುಚ್ಚಳದ ಮುಂದಿನ ಅಂಚು ಮಾತ್ರ ಕನ್ನಡಿಯಂತೆ ಹೊಳೆಯುತ್ತದೆ, ಹಿಂದಿನ ಅಂಚು ಮಂಕು. ಕೈ ಹೋದದ್ದು ಮುಂದಕ್ಕೆ ತಾನೆ? ಕೈಮಗ್ಗದ ಮುಂದಿನ ದಿಂಡು ನೇಕಾರನ ಹೊಟ್ಟೆ ತಾಗುವಷ್ಟು ಅಗಲಕ್ಕೆ ನುಣುಪು. ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರ ನೋಡಲು ಹೋದಾಗ ಕತ್ತಿಯ ಅಲಗನ್ನಷ್ಟೇ ನೋಡಿ ಬರಬೇಡಿ. ಹಳೆಯ ಬಂದೂಕಿನ ಮರದ ಹಿಡಿ ಎಲ್ಲಿ ಕಪ್ಪಾಗಿದೆ, ಎಲ್ಲಿ ಆಗಿಲ್ಲ ಎಂಬುದನ್ನೂ ನೋಡಿ. ಗಲ್ಲ ಎಲ್ಲಿ ಇಟ್ಟ, ಬೆರಳು ಎಲ್ಲಿ ಹಿಡಿದ ಎಂಬುದು ಅದರಲ್ಲಿ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದೂ ಒಂದು ಲೆಜ್ಜರೇ. ಬರೆದವರಿಗೆ ತಾವು ಬರೆಯುತ್ತಿದ್ದೇವೆಂಬುದು ಗೊತ್ತಿರಲಿಲ್ಲ, ಅಷ್ಟೆ.

ಬೇಕೆಂದೇ ಕಪ್ಪು ಮಾಡುವ ಕೆಲಸ ಶ್ರೀಮಂತರ ಆಸೆಯಿಂದ ಹುಟ್ಟಿತು. ಕರಿಮರ, ಅಂದರೆ ಎಬನಿ, ಯುರೋಪಿನಲ್ಲಿ ಬೆಳೆಯುವುದಿಲ್ಲ. ಹಡಗಿನಲ್ಲಿ ಬರಬೇಕು, ಚಿನ್ನದಂಥ ಬೆಲೆ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅದರ ಮೇಲೆ ಕೆಲಸ ಮಾಡುವ ಬಡಗಿಗೆ ‘ಎಬೆನಿಸ್ತ್’ ಎಂದು ಹೆಸರು ಬಂತು. ಎಲ್ಲ ಉತ್ತಮ ಪೀಠೋಪಕರಣದ ಕುಶಲಕರ್ಮಿಗಳಿಗೆ ಫ್ರೆಂಚರು ಇಂದೂ ಅದೇ ಹೆಸರನ್ನು ಹೇಳುತ್ತಾರೆ. ಕರಿಮರ ಕೊಳ್ಳಲಾರದವರಿಗೆ ಪೇರ್ ಹಣ್ಣಿನ ಮರಕ್ಕೆ ಕಪ್ಪು ಬಣ್ಣ ಕೊಟ್ಟು ಮಾರಿದರು. ಕಬ್ಬಿಣ, ಒಗರು, ವಿನೆಗರ್, ಎಲ್ಲ ನಮ್ಮ ಅಳಲೆ-ಅನ್ನಭೇದಿಯ ನೆಂಟರೇ.

ನಮ್ಮ ಕಡೆಯ ಮಾತು ಬೇರೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಮುಂಬಯಿಯಲ್ಲಿ ‘ಬಾಂಬೆ ಬ್ಲ್ಯಾಕ್‌ವುಡ್’ ಎಂಬ ಸಾಮಾನು ಹೆಸರಾಯಿತು. ಬೀಟೆಮರ, ನಾವು ಈ ಕಡೆ ಶಿಸವಿ ಎನ್ನುವುದು. ಸ್ವಭಾವತಃ ಅದು ನೇರಳೆ ಬೆರೆತ ಕಂದು. ಕೆತ್ತನೆಯಂತೂ ಒಂದು ಬೆರಳಿನಷ್ಟು ಜಾಗ ಬಿಡದೆ ತುಂಬಿದ್ದು. ಗಾಢವಾದ ಪಾಲಿಶ್ ಕೊಟ್ಟಾಗ ಅದು ಕರಿಮರದ ಹಾಗೇ ಕಾಣುತ್ತಿತ್ತು. ಇಂಗ್ಲಿಷರು ಕೊಂಡರು, ಪಾರಸಿ ವರ್ತಕರು ಕೊಂಡರು, ಸಂಸ್ಥಾನಿಕರೂ ಕೊಂಡರು. ಆ ಕಾಲಕ್ಕೆ ರೈಲು ಬಂತು. ಮುಂಬಯಿ ಕಡೆಯಿಂದ ಹಳಿ ಸೊಲ್ಲಾಪುರ ಮುಟ್ಟಿದ್ದು 1860ರಲ್ಲಿ, ಮುಂದೆ ರಾಯಚೂರಿನವರೆಗೆ ಹೋದದ್ದು 1871ರಲ್ಲಿ. ಅಕ್ಕಲಕೋಟ ರೋಡ್ ಸ್ಟೇಶನ್ನು ಅದೇ ದಾರಿಯಲ್ಲಿದೆ. 1884ರ ಹೊತ್ತಿಗೆ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೂ ಸಣ್ಣ ಹಳಿ ಬಿತ್ತು. ಸಾಗವಾನಿ, ಬೀಟೆಯ ಕಾಡಿನ ಉತ್ತರ ಕನ್ನಡ ಜಿಲ್ಲೆ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತ್ತು. ಬಯಲುಸೀಮೆಯ ಜೋಳದ ಊರುಗಳಿಗೆ ಒಳ್ಳೆಯ ಕಟ್ಟಿಗೆ ದೂರದಿಂದ ಬರಬೇಕಾದ್ದೇ. ಹಳಿ ಬಂದ ಮೇಲೆ ಆ ದೂರ ಕಡಿಮೆಯಾಯಿತು.

ಹೊಳಪಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಮುತ್ತಲ, ಬೋರೆ ಮುಂತಾದ ಗಿಡಗಳ ಮೇಲೆ ಸಣ್ಣ ಹುಳು ಸ್ರವಿಸುವ ಅರಗೇ ಚಪ್ಡಾ. ಅದನ್ನು ಸ್ಪಿರಿಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಹತ್ತಾರು ತೆಳು ಪದರ ಉಜ್ಜಿದರೆ ಫ್ರೆಂಚ್ ಪಾಲಿಶ್. ಹೆಸರು ಫ್ರೆಂಚರದು, ಅರಗು ನಮ್ಮದು. ಯುರೋಪಿನಲ್ಲಿ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಬ್ಬಿತು. ಮುಂಬಯಿ ರಾಜ್ಯದಲ್ಲಿ 1949ರ ಪಾನನಿಷೇಧ ಕಾಯ್ದೆ ಬಂದ ಮೇಲೆ ಸ್ಪಿರಿಟ್ ಇಟ್ಟುಕೊಳ್ಳುವುದಕ್ಕೂ ಸರಕಾರದ ಕಟ್ಟುಪಾಡು ಬಂತು. ಬಡಿಗೇರನ ಸೀಸೆಯ ಮೇಲೂ ಕಣ್ಣು!

ಇನ್ನು ಈ ಸಾಮಾನೆಲ್ಲ ಮನೆಯಿಂದ ಹೊರಗೆ ಹೇಗೆ ಬಂತು ಎಂಬುದು. ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ದರಬಾರಿನ ನೆರಳಿನಲ್ಲಿ ಬಾಳಿದ ಮನೆತನಗಳ ವಾಡೆಗಳಿಗೆ ಆದಾಯ ತಪ್ಪಿತು. ಮಕ್ಕಳು ಪುಣೆ, ಮುಂಬಯಿಗೆ ಹೋದರು, ಪಾಲಾಗಿ ವಾಡೆಯ ಚೌಕಗಳ ಮಧ್ಯೆ ಗೋಡೆ ಎದ್ದವು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರು ವರ್ಷದಿಂದ ವರ್ಷಕ್ಕೆ ಹೆಚ್ಚಿದರು. ಊರಿನಲ್ಲಿ ಲಾಡ್ಜು, ಭಕ್ತನಿವಾಸಗಳು ಎದ್ದವು. ಹಳೆಯ ಜಾಗಕ್ಕೆ ಬೆಲೆ ಬಂತು, ಹಳೆಯ ಮನೆಗೆ ಬರಲಿಲ್ಲ. ಆಮೇಲೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಮಲಗಿದ್ದ ಸಾವಿರಾರು ಜನ ಕಲ್ಲು-ಮಣ್ಣಿನಡಿ ಸಿಕ್ಕಿ ಸತ್ತರು. ನಮ್ಮ ಊರುಗಳಲ್ಲೂ ಜನ ನಡುಗಿ ಬೀದಿಗೆ ಬಂದರು.

ಆ ದುರಂತವನ್ನು ನೋಡಲು ಬಂದ ಎಂಜಿನಿಯರರು ಒಂದು ಸಂಗತಿ ಗಮನಿಸಿದರು. ಅನೇಕ ಮನೆಗಳಲ್ಲಿ ದಪ್ಪ ಗೋಡೆ ಉರುಳಿತ್ತು, ಒಳಗಿನ ಕಟ್ಟಿಗೆಯ ಕಂಬ-ತೊಲೆಗಳ ಚೌಕಟ್ಟು ನಿಂತಿತ್ತು. ಕೊಂದದ್ದು ಕಲ್ಲು ಮತ್ತು ಮಾಳಿಗೆಯ ಮಣ್ಣಿನ ಭಾರ. ಆದರೆ ಹೆದರಿದ ಮನಸ್ಸಿಗೆ ಇಷ್ಟು ಬಿಡಿಸಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಮಾಳಿಗೆ ಮನೆ ಎಂದರೇ ಬೇಡವಾಯಿತು. ಸಿಮೆಂಟಿನ ಮನೆ ಕಟ್ಟಿದರು, ಕಟ್ಟಿಗೆಯನ್ನು ಕಿತ್ತು ಮಾರಿದರು. ಜೀವದ ಪ್ರಶ್ನೆ ಬಂದಾಗ ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಿಂತು ಉಳಿದ ಕಂಬವೇ ಮೊದಲು ಗಾಡಿ ಏರಿತು ಎಂಬುದು ಮನಸ್ಸಿಗೆ ಚುಚ್ಚುತ್ತದೆ.

ಆ ಕಟ್ಟಿಗೆಯನ್ನು ಕೊಂಡವರು ಮಾಡಿದ್ದೇನು? ಅಕ್ಕಲಕೋಟದ ದಾರಿಯಲ್ಲಿ ಕಟ್ಟಿಗೆ ಕೆಲಸದ ಒಬ್ಬ ವಯಸ್ಸಾದ ಬಡಿಗೇರರ ಬಳಿ ಕೆಲವು ಮಧ್ಯಾಹ್ನ ಕೂತಿದ್ದೇನೆ. ಹಳೆಯ ತೊಲೆಗೆ ರಂದಾ ಹೊಡೆಯುತ್ತಿದ್ದರು. ನೂರು ವರ್ಷದ ಹೊಗೆ-ಎಣ್ಣೆಯ ಪದರ ಸಿಪ್ಪೆಯಾಗಿ ಬೀಳುತ್ತಿತ್ತು, ಒಳಗಿನಿಂದ ಹೊಂಬಣ್ಣದ ಸಾಗವಾನಿ ಹೊರಬರುತ್ತಿತ್ತು. ಪಕ್ಕದಲ್ಲಿ ಹುಡುಗನೊಬ್ಬ, ಹಾಗೆ ಹೊರಬಂದ ಹಲಗೆಗಳಿಂದಲೇ ಮಾಡಿದ ಬೆಂಚಿಗೆ ಕಪ್ಪು ಬಳಿಯುತ್ತಿದ್ದ. ‘ಇದೇನ್ರೀ ಕಾಕಾ, ಇದ್ದ ಕಪ್ಪು ತಗದು ಇಲ್ಲದ ಕಪ್ಪು ಹಚ್ಚೂದು?’ ಎಂದೆ. ಅವರು ನಕ್ಕು, ‘ಸಾಹೇಬ್ರ, ಗಿರಾಕಿಗೆ ಹಳೇದು ಬೇಕ್ರಿ, ಹಳೇದರ ಹೊಲಸು ಬ್ಯಾಡ’ ಎಂದರು. ಇದಕ್ಕಿಂತ ಚೆನ್ನಾಗಿ ಈ ವ್ಯಾಪಾರವನ್ನು ಯಾರೂ ವಿವರಿಸಿಲ್ಲ. ರಾಜಸ್ಥಾನದ ಜೋಧಪುರದಲ್ಲಿ ಇದು ದೊಡ್ಡ ಉದ್ಯಮವೇ ಆಗಿದೆ. ಅಲ್ಲಿ ಮಾವು, ಶೀಶಮ್ ಕಟ್ಟಿಗೆಗೆ ಹಳಬರ ವೇಷ ಹಾಕಿ ಹೊರದೇಶಕ್ಕೆ ಕಳಿಸುತ್ತಾರೆ. ಮುಚ್ಚಿದ ಹತ್ತಿ ಗಿರಣಿಗಳ ಕಟ್ಟಿಗೆಯ ಕಂಡಿಕೆಗಳಿಗೂ ಪೇಟೆಯಲ್ಲಿ ಈಗ ಮೇಣದಬತ್ತಿ ಸಿಕ್ಕಿಸುವ ಬಾಳು ಬಂದಿದೆ.

ಮಾಡುವ ಬಗೆಯನ್ನು ಮುಚ್ಚಿಡುವುದಿಲ್ಲ. ಆ ಬಡಿಗೇರರೂ ಮುಚ್ಚಿಡಲಿಲ್ಲ. ಗಾಜಿನ ಡಬ್ಬಿಯಲ್ಲಿ ವಿನೆಗರ್ ಹಾಕಿ ತುಕ್ಕು ಮೊಳೆ ಮುಳುಗಿಸಿ ಒಂದು ವಾರ ಬಿಡಬೇಕು. ಮುಚ್ಚಳ ಬಿಗಿ ಮಾಡಬಾರದು, ಒಳಗೆ ಹುಟ್ಟುವ ಗಾಳಿಗೆ ದಾರಿ ಬೇಕು, ಹತ್ತಿರ ಬೆಂಕಿಯೂ ಕೂಡದು. ಕಟ್ಟಿಗೆಯ ಚೂಪು ಅಂಚುಗಳನ್ನು ಮೊದಲೇ ಮೊಂಡು ಮಾಡಬೇಕು, ಎಲ್ಲ ಕಡೆ ಅಲ್ಲ, ಕೈ-ಕಾಲು-ಸೆರಗು ತಾಗುವ ಕಡೆ. ಮಾವಿನಂಥ ಒಗರು ಕಡಿಮೆಯಿರುವ ಕಟ್ಟಿಗೆಗೆ ಅಳಲೆ ಕಷಾಯವನ್ನು, ಇಲ್ಲವೆ ಗಟ್ಟಿ ಚಹಾ ಡಿಕಾಕ್ಷನ್ನನ್ನು ಬಳಿದು ಒಣಗಿಸಬೇಕು. ಜಾಲಿಗೆ ಅದು ಬೇಕಾಗಿಲ್ಲ. ಆಮೇಲೆ ಮೊಳೆ ನೀರು. ಬಳಿದಾಗ ಏನೂ ಕಾಣದು. ಸ್ವಲ್ಪ ಹೊತ್ತಿಗೆ ಬೂದಿ, ಆಮೇಲೆ ನೀಲಿಗಪ್ಪು. ನನಗಂತೂ ಲೆಜ್ಜರಿನ ಪುಟವೇ ಕಣ್ಣ ಮುಂದೆ ಬಂತು. ಬರಿ ಕಬ್ಬಿಣದ ಕಪ್ಪು ಸತ್ತಂತೆ ಇರುತ್ತದೆ, ಜೀವ ಬರುವುದು ಎಣ್ಣೆಯಿಂದ. ತೊಳೆದು ಒಣಗಿಸಿ ಅಗಸೆ ಎಣ್ಣೆ ತೆಳುವಾಗಿ ಉಜ್ಜಬೇಕು, ಅದು ಒಣಗಿದ ಮೇಲೆ ಎರಡು ಕೈ ಚಪ್ಡಾ, ಕೊನೆಗೆ ಜೇನುಮೇಣಕ್ಕೆ ಟರ್ಪೆಂಟೈನೂ ಕಾಡಿಗೆಯೂ ಬೆರೆಸಿ ಕೆತ್ತನೆಯ ಸಂದಿಯಲ್ಲಿ ತುಂಬಿ, ಉಬ್ಬಿನ ಮೇಲಿಂದ ಒರೆಸಬೇಕು. ಹೀಗೆ ಒಳಗಿಳಿದ ಕಬ್ಬಿಣದ ಕಪ್ಪು ಒಂದು, ಮೇಲೆ ಕೂತ ಕಾಡಿಗೆಯ ಕಪ್ಪು ಒಂದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ, ಇಲ್ಲವೆ ನೀರಿನಲ್ಲಿ ಮುಳುಗಿಸಿ.

ಈ ಕೆಲಸದಲ್ಲಿ ಮೋಸವಿಲ್ಲ. ಚೆಂದಕ್ಕೆ ಮಾಡಿ ಚೆಂದದ ಬೆಲೆಗೆ ಮಾರಿದರೆ ಅದೂ ಒಂದು ಕಸುಬು. ‘ಇದು ಸಂಸ್ಥಾನದ ಕಾಲದ್ದು’ ಎಂದು ಹೇಳಿ ಮಾರಿದಾಗ ಅದು ಹಿಂದಿನ ತಾರೀಖು ಹಾಕಿದ ಎಂಟ್ರಿಯಾಗುತ್ತದೆ. ನಮ್ಮ ಅಕೌಂಟೆಂಟರಂತೆ ಅದನ್ನು ಹಿಡಿಯುವುದೂ ಕಷ್ಟವಲ್ಲ. ಸಾಮಾನನ್ನು ತಲೆಕೆಳಗು ಮಾಡಿ ನೋಡಿ. ನಿಜವಾಗಿ ಹಳೆಯದರ ಅಡಿ, ಡ್ರಾವರಿನ ಒಳಮೈ ಬಣ್ಣ ಕಾಣದೆ ಒಣಗಿ ಮಸುಕು ಕಂದಾಗಿರುತ್ತವೆ. ಅಡಿಯೂ ಮೇಲಿನಷ್ಟೇ ಕಪ್ಪಾಗಿದ್ದರೆ ಸಂಶಯಪಡಿ. ಯಂತ್ರದ ಗುಂಡು ಗರಗಸ ಬಿಲ್ಲಿನಂಥ ಗೆರೆ ಬಿಡುತ್ತದೆ, ಕೈಗರಗಸದ ಗೆರೆ ನೇರ ಮತ್ತು ಓರೆಕೋರೆ. ಕಮ್ಮಾರ ಬಡಿದ ಮೊಳೆ ಚೌಕಾಗಿರುತ್ತದೆ, ತಂತಿಯ ಮೊಳೆ ಗುಂಡಾಗಿರುತ್ತದೆ. ಹುಳು ಕೊರೆದ ತೂತಿನಲ್ಲಿ ಸೂಜಿ ಹಾಕಿದರೆ ಸ್ವಲ್ಪದರಲ್ಲೇ ತಿರುವಿಗೆ ತಡೆಯುತ್ತದೆ, ಡ್ರಿಲ್ಲಿನ ತೂತಿನಲ್ಲಿ ನೇರ ಇಳಿಯುತ್ತದೆ. ಗುಂಡು ಟೇಬಲ್ಲಿಗೆ ಎರಡು ಕಡೆಯಿಂದ ಟೇಪು ಹಿಡಿಯಿರಿ. ಕಟ್ಟಿಗೆ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ. ಹಳೆಯ ಗುಂಡು ಟೇಬಲ್ಲು ಅಳತೆಗೆ ಸಿಕ್ಕಾಗ ಪೂರ್ತಿ ಗುಂಡಾಗಿರುವುದು ಕಡಿಮೆ.

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಗೆ ಬಂತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕೆತ್ತನೆ, ಕರಕುಶಲದ ವಸ್ತುಗಳು ಅದರ ಲೆಕ್ಕಕ್ಕೆ ಬರುತ್ತವೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಆದ್ದರಿಂದ ಕಸ್ಟಮ್ಸಿನವರ ಮುಂದೆ ‘ಹೊಸದು’, ಗಿರಾಕಿಯ ಮುಂದೆ ‘ಇನ್ನೂರು ವರ್ಷದ್ದು’ ಎಂದು ಒಂದೇ ಬಾಗಿಲಿಗೆ ಎರಡು ವಯಸ್ಸು ಹೇಳುವವರಿದ್ದರೆ ಅವರ ಜಾಣತನಕ್ಕೆ ಏನೆನ್ನೋಣ!

ಇದರಿಂದ ನಷ್ಟ ಕೊಳ್ಳುವ ಸಾಹುಕಾರನಿಗಿಂತ ನಮಗೇ ಹೆಚ್ಚು. ಈ ಗಡಿಸೀಮೆಯಲ್ಲಿ ಮನೆ ಮನೆಯ ಪೆಟ್ಟಿಗೆ, ಮಣೆ, ಬಾಗಿಲ ಪಟ್ಟಿಗಳ ಮೇಲೆ ಒಮ್ಮೊಮ್ಮೆ ಅಕ್ಷರ ಇರುತ್ತವೆ. ಕೆಲವು ಮೋಡಿ, ಕೆಲವು ಕನ್ನಡ. ಮಾಡಿಸಿದವರ ಹೆಸರು, ಒಂದು ಸಂವತ್ಸರ, ಇಷ್ಟೇ. ರಂದಾ ಎರಡು ಸಲ ಹೋದರೆ ಅದು ಮುಗಿಯಿತು. ನಾನು ನೋಡಿದ ಒಂದು ಅಡಕೆ-ಎಲೆಯ ಪೆಟ್ಟಿಗೆಯ ಒಳಮುಚ್ಚಳದಲ್ಲಿ ಸಾಲದ ಬಾಕಿಯನ್ನು ಸುಣ್ಣದ ಬೆರಳಿನಿಂದ ಗೀಟು ಹಾಕಿ ಎಣಿಸಿದ್ದರು. ಹೊಸ ಪಾಲಿಶ್ ಮಾಡಿಸಲು ತಂದವರಿಗೆ ಅದು ಕಲೆಯಾಗಿ ಕಂಡಿತ್ತು. ಒಳಗೆ ಮುಟ್ಟಬೇಡಿರೆಂದು ಕೇಳಿಕೊಂಡೆ, ಒಪ್ಪಿದರು. ಹಳೆಯ ಸಾಮಾನು ಮನೆಯಲ್ಲಿ ಉಳಿದಿದ್ದರೆ ಒಣಬಟ್ಟೆಯಲ್ಲಿ ಧೂಳು ಒರೆಸಿ, ತೀರ ಕೊಳೆಯಿದ್ದರೆ ಹಿಂಡಿದ ಒದ್ದೆಬಟ್ಟೆ, ಆಮೇಲೆ ಒಂದಿಷ್ಟು ಜೇನುಮೇಣ. ಕಾಸ್ಟಿಕ್ ಸೋಡಾ ಬೇಡ, ಸ್ಯಾಂಡಿಂಗ್ ಮಷಿನ್ನು ಬೇಡ.

ಹೊಸದಕ್ಕೆ ಹಳೆಯ ಬಣ್ಣ ಕೊಡಿಸುವವರು ಬಡಿಗೇರನಿಗೆ ಇನ್ನೊಂದು ಕೆಲಸ ಹೇಳಿ. ಪಾಲಿಶ್ ತಾಗದ ಅಡಿಹಲಗೆಯ ಮೇಲೆ ಆ ವರ್ಷದ ಇಸವಿ, ಕಟ್ಟಿಗೆ ಯಾವುದು, ಎಲ್ಲಿಂದ ಬಂತು, ಮಾಡಿದವನ ಹೆಸರು, ಕಪ್ಪಿಗೆ ಏನು ಬಳಿದದ್ದು ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಸೀಸದಕಡ್ಡಿಯಿಂದ ಬರೆಯಲಿ. ಸೀಸದಕಡ್ಡಿಯ ಕಪ್ಪು ಕಾಡಿಗೆಯ ಜಾತಿಯದು, ಬಿಸಿಲಿಗೆ ಮಾಸುವುದಿಲ್ಲ. ಮೇಲೆ ಒಂದು ಕೈ ಚಪ್ಡಾ ಬಳಿದರೆ ಉಜ್ಜಿದರೂ ಅಳಿಯುವುದಿಲ್ಲ.